ಹೆಂಡವನ್ನು ಹೊರಗಿಟ್ಟ ರುಚಿಯ ಚರ್ಚೆ

ಬ್ರಿಟನ್ನಿನ ಪೇಲ್ ಏಲ್ ಮೇಲೋ, ನಮ್ಮ ಬಿಯರ್ ಮೇಲೋ ಎಂಬ ವಾದವೇ ಪೊಳ್ಳು. ಏಲ್‌ನಲ್ಲಿ ಹಾಪ್ಸ್ ಹೂವಿನ ಕಹಿ ಗಾಢ. ಇಲ್ಲಿಯ ಲಾಗರ್ ತೆಳು, ತಣ್ಣಗಿದ್ದರಷ್ಟೇ ರುಚಿ. ಆದರೆ ‘ನಮ್ಮದು’ ಯಾವುದು? ಕಿಂಗ್‌ಫಿಷರ್ ತಯಾರಿಸುವ ಯುನೈಟೆಡ್ ಬ್ರೂವರೀಸನ್ನು 1915ರಲ್ಲಿ ಕಟ್ಟಿದವರು ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್. 2021ರಿಂದ ಅದು ಡಚ್ ಕಂಪನಿ ಹೈನೆಕೆನ್ ಹಿಡಿತದಲ್ಲಿದೆ.

ಹುತ್ರಿದುರ್ಗದ ಸೀಮೆಗೆ ನಮ್ಮದೆನಿಸುವುದು ಈಚಲ ಹೆಂಡ: ಇಳಿಸಿದಾಗ ಸಿಹಿ, ಹೊತ್ತೇರಿದಂತೆ ಹುಳಿ. ಅದನ್ನು ಒಳನಾಡಿನಲ್ಲಿ 2004ರಲ್ಲಿ ನಿಷೇಧಿಸಿದರು. ಕಲಬೆರಕೆಯ ಕಾರಣ ಹೇಳುವವರಿದ್ದಾರೆ. ತಡೆಯಬೇಕಾದ್ದು ಕಲಬೆರಕೆಯನ್ನು, ಮರ ಹತ್ತುವವರನ್ನಲ್ಲ. ರಾಜರತ್ನಂ ಅವರ ‘ಯೆಂಡ್ಕುಡ್ಕ ರತ್ನ’ನನ್ನು ತರಗತಿಯಲ್ಲಿ ಮೆಚ್ಚಿ, ಹೊರಗೆ ಅವನ ಬುಂಡೆಯನ್ನು ಅಪರಾಧವೆನ್ನುವುದು ಯಾವ ನ್ಯಾಯ? ಮೊದಲು ಹೆಂಡವನ್ನೂ ಅದೇ ಮೇಜಿಗೆ ಬರಗೊಡಿ. ಆಮೇಲೆ ರುಚಿಯ ಮಾತಾಡೋಣ.