ಜೋಗಕ್ಕೆ ಒಂದೇ ದಿನದ ಟೂರ್: ಡ್ರೈವರನ ನಿದ್ದೆಯ ಲೆಕ್ಕ ಇಟ್ಟವರು ಯಾರು?

ಎಪ್ರಿಲ್ ಬಂತು, ಶಾಲೆಗಳಿಗೆ ರಜೆ ಸಿಕ್ಕಿತು. ಗರುಡಾಚಾರ್‌ಪಾಳ್ಯದಲ್ಲಿ ಇಶಾ ನಮಾಝ್ ಮುಗಿಸಿ ಹೊರಬಂದವರ ನಡುವೆ ಈಗ ಒಂದೇ ಮಾತು: "ಉಸ್ತಾದ್, ಈ ಸಲ ಜೋಗಕ್ಕೆ ಹೋಗೋಣ. ಒಂದು ಟಿಟಿ ಮಾಡಿದ್ರೆ ಆಯ್ತು. ಬೆಳಿಗ್ಗೆ ಹೋಗಿ ರಾತ್ರಿ ಬರೋದು."

ಹೇಳುವವರ ಆಸೆ ನಮಗೆ ಅರ್ಥವಾಗುತ್ತದೆ. ಊರು ಬಿಟ್ಟು ಬೆಂಗಳೂರಿಗೆ ಬಂದು ಬೇಕರಿ, ಜ್ಯೂಸ್ ಅಂಗಡಿ, ಹೋಟೆಲ್ ಅಂತ ದುಡಿಯುವ ನಮ್ಮ ಬ್ಯಾರಿ ಸಹೋದರರಿಗೆ ರಜೆ ಎನ್ನುವುದೇ ಇಲ್ಲ. ಸಿಗುವ ಒಂದು ದಿನದಲ್ಲಿ ಮಕ್ಕಳಿಗೆ ಏನಾದರೂ ದೊಡ್ಡದನ್ನು ತೋರಿಸಬೇಕು ಎನ್ನುವುದು ತಪ್ಪಲ್ಲ. ಆದರೆ ಈ ಪ್ಲಾನ್ ಮಾತ್ರ ತಪ್ಪು ಅಂತ ಹೇಳಲೇಬೇಕಾಗಿದೆ. ಯಾಕೆಂದರೆ ಒಮ್ಮೆ ಇದೇ ಪ್ಲಾನಿಗೆ ತಲೆಯಾಡಿಸಿದವರಲ್ಲಿ ನಾವೂ ಇದ್ದೆವು.

ಕೆಲವು ವರ್ಷಗಳ ಹಿಂದಿನ ಮಾತು. ಬೆಳಿಗ್ಗೆ ನಾಲ್ಕಕ್ಕೆ ಹೊರಟು ಮಧ್ಯಾಹ್ನ ಜೋಗ ತಲುಪಿದೆವು. ಎರಡು ಗಂಟೆ ಅಲ್ಲಿದ್ದು ಹಿಂದೆ ತಿರುಗಿದೆವು. ತಿಪಟೂರು ದಾಟಿದ ಮೇಲೆ ಹಿಂದಿನ ಸೀಟಿನವರೆಲ್ಲ ನಿದ್ದೆಯಲ್ಲಿದ್ದರು. ಒಮ್ಮೆಲೇ ಗಾಡಿ ರಸ್ತೆ ಮಧ್ಯದ ಕಟ್ಟೆಗೆ ಉಜ್ಜಿ ನಿಂತಿತು. ಅಲ್‌ಹಮ್ದುಲಿಲ್ಲಾಹ್, ಯಾರಿಗೂ ಏನೂ ಆಗಲಿಲ್ಲ. ಗಾಡಿ ಓಡಿಸುತ್ತಿದ್ದವನು ನಮ್ಮದೇ ಹುಡುಗ. ಹಿಂದಿನ ರಾತ್ರಿ ಹನ್ನೊಂದಕ್ಕೆ ಅಂಗಡಿ ಮುಚ್ಚಿ, ಮೂರು ಗಂಟೆ ಮಲಗಿ, ಸ್ಟಿಯರಿಂಗ್ ಹಿಡಿದಿದ್ದ. ಅವನು ಅಳುತ್ತಾ "ಕಣ್ಣು ಮುಚ್ಚಿದ್ದೇ ಗೊತ್ತಾಗಲಿಲ್ಲ ಉಸ್ತಾದ್" ಎಂದ. ಎಲ್ಲರೂ ಅವನನ್ನು ಬೈದರು. ಅವನ ನಿದ್ದೆಯ ಲೆಕ್ಕ ಇಡದೆ ದಿನ ಗೊತ್ತು ಮಾಡಿದವರು ನಾವು. ಬೈಗುಳ ಸಲ್ಲಬೇಕಾದದ್ದು ನಮಗೆ.

ಲೆಕ್ಕ ಸರಳ. ಬೆಂಗಳೂರಿನಿಂದ ಜೋಗಕ್ಕೆ ಸುಮಾರು 400 ಕಿಲೋಮೀಟರ್. ಹೋಗಿಬರಲು 800. ಊಟ, ನಮಾಝ್, ಮಕ್ಕಳ ವಾಂತಿ ಎಲ್ಲ ಸೇರಿದರೆ ಹದಿನೇಳು, ಹದಿನೆಂಟು ಗಂಟೆ ರಸ್ತೆಯಲ್ಲೇ ಹೋಯಿತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕನ ದುಡಿಮೆಯನ್ನು ಸಾಮಾನ್ಯವಾಗಿ ದಿನಕ್ಕೆ 8 ಗಂಟೆಗೆ ಮಿತಿಗೊಳಿಸಿತ್ತು. ಸಂಬಳದ ಚಾಲಕನಿಗೇ ಇಷ್ಟು ಮಿತಿ ಇರುವಾಗ, ಪುಕ್ಕಟೆ ಓಡಿಸುವ ನಮ್ಮ ಹುಡುಗನಿಗೆ ಅದರ ಎರಡು ಪಟ್ಟು ಹೊರಿಸುವುದು ಯಾವ ನ್ಯಾಯ? "ಅಲ್ಲಾಹು ಕಾಪಾಡ್ತಾನೆ" ಅಂತ ಹೇಳುತ್ತೇವೆ. ಹೌದು. ಆದರೆ ಒಂಟೆಯನ್ನು ಮೊದಲು ಕಟ್ಟಿಹಾಕಿ, ಆಮೇಲೆ ತವಕ್ಕುಲ್ ಮಾಡಬೇಕು ಎಂದು ಮದ್ರಸದಲ್ಲಿ ಮಕ್ಕಳಿಗೆ ಕಲಿಸುವವರೂ ನಾವೇ ಅಲ್ಲವೇ?

ಅಷ್ಟು ಕಷ್ಟಪಟ್ಟು ಹೋದರೂ ಬೇಸಿಗೆಯಲ್ಲಿ ನೋಡಲು ಸಿಗುವುದು ಏನು? 253 ಮೀಟರ್ ಎತ್ತರದಿಂದ ಬೀಳುವ ಶರಾವತಿಗೆ ರಾಜ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕು ಕವಲು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ನೀರು ವಿದ್ಯುತ್ತಿಗೆ ಹೋಗುತ್ತದೆ. ಎಪ್ರಿಲ್, ಮೇ ತಿಂಗಳಲ್ಲಿ ಬಂಡೆಯ ಮೇಲೆ ಬಿಳಿ ದಾರ ಇಳಿಬಿಟ್ಟಂತೆ ಕಾಣುತ್ತದೆ, ಅಷ್ಟೇ. ಅವತ್ತು ನಮ್ಮ ಮದ್ರಸದ ಒಬ್ಬ ಹುಡುಗ ಕೇಳಿದ್ದ: "ಇದೇನಾ ಉಸ್ತಾದ್?"

ಹಾಗಾದರೆ ಮಕ್ಕಳಿಗೆ ಜೋಗ ತೋರಿಸುವುದೇ ಬೇಡವಾ? ತೋರಿಸಿ, ಆದರೆ ಮಳೆ ಹಿಡಿದ ಮೇಲೆ, ಆಗಸ್ಟ್ ಅಥವಾ ಸೆಪ್ಟಂಬರಿನಲ್ಲಿ, ರೈಲಿನಲ್ಲಿ. ಮೈಸೂರಿನಿಂದ ಬೆಂಗಳೂರು ಮೂಲಕ ತಾಳಗುಪ್ಪಕ್ಕೆ ರಾತ್ರಿ ರೈಲು ಇದೆ. ತಾಳಗುಪ್ಪದಿಂದ ಜೋಗಕ್ಕೆ ಹದಿನೈದು ಕಿಲೋಮೀಟರಿನ ಆಸುಪಾಸು. 2023ರಿಂದ ನಮ್ಮ ಗರುಡಾಚಾರ್‌ಪಾಳ್ಯಕ್ಕೇ ಮೆಟ್ರೋ ಬಂದಿದೆ. ಅದೇ ನೇರಳೆ ಮಾರ್ಗ ಮೆಜೆಸ್ಟಿಕ್‌ಗೆ ಹೋಗುತ್ತದೆ. ಶನಿವಾರ ರಾತ್ರಿ ರೈಲು ಹತ್ತಿ ಮಲಗಿದರೆ ಬೆಳಿಗ್ಗೆ ತಾಳಗುಪ್ಪ, ರವಿವಾರ ರಾತ್ರಿ ಹಿಂದಿರುಗುವ ರೈಲು ಹತ್ತಿದರೆ ಸೋಮವಾರ ಅಂಗಡಿ ತೆರೆಯುವ ಹೊತ್ತಿಗೆ ಊರಿನಲ್ಲಿ. ಇಡೀ ದಿನ ಜೋಗದಲ್ಲಿ ಕಳೆಯಬಹುದು, ಯಾರೂ ನಿದ್ದೆಗೆಟ್ಟು ಗಾಡಿ ಓಡಿಸಬೇಕಾಗಿಲ್ಲ. ಟಿಕೆಟ್ ಮಾತ್ರ ಮೊದಲೇ ಮಾಡಿಸಬೇಕು.

ಈ ಬೇಸಿಗೆಗೆ ಹತ್ತಿರದ ಶಿವನಸಮುದ್ರ ಸಾಕು. ಕನಕಪುರ, ಸಾತನೂರು, ಮಳವಳ್ಳಿ ದಾರಿಯಲ್ಲಿ ಸುಮಾರು 130 ಕಿಲೋಮೀಟರ್. ಅಲ್ಲಿಯೂ ಬೇಸಿಗೆಯಲ್ಲಿ ನೀರು ಕಡಿಮೆ ಎಂದು ಮೊದಲೇ ಹೇಳಿಬಿಡುತ್ತೇವೆ. ಆದರೆ ನೋಡಲು, ಹೇಳಿಕೊಡಲು ತುಂಬಾ ಇದೆ. ಕಾವೇರಿ ಇಬ್ಭಾಗವಾಗಿ ಒಂದು ಕಡೆ ಗಗನಚುಕ್ಕಿ, ಇನ್ನೊಂದು ಕಡೆ ಭರಚುಕ್ಕಿ ಆಗಿ ಬೀಳುತ್ತದೆ. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಅದೇ ಸೀಮೆಯ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ನೀರನ್ನು ಪಂಪ್ ಮಾಡುತ್ತಾರೆ. 2024ರ ಬೇಸಿಗೆಯಲ್ಲಿ ಕೊಡ ಹಿಡಿದು ಟ್ಯಾಂಕರ್ ಕಾದ ನಮ್ಮ ಮಕ್ಕಳಿಗೆ ನಲ್ಲಿಯ ನೀರು ಎಷ್ಟು ದೂರದಿಂದ ಬರುತ್ತದೆ ಎಂದು ಅಲ್ಲಿ ನಿಂತು ಹೇಳಿದರೆ, ವುಝೂ ಮಾಡುವಾಗ ನಲ್ಲಿ ಜೋರಾಗಿ ತಿರುಗಿಸುವ ಮೊದಲು ನೆನಪಾದೀತು.

ದಿನವನ್ನು ನಮಾಝಿನ ಹೊತ್ತಿಗೆ ಕಟ್ಟಿದರೆ ಪ್ಲಾನ್ ತಾನಾಗಿ ಸರಿಹೋಗುತ್ತದೆ. ಸುಬ್‌ಹಿ ಮುಗಿಸಿ ಐದೂವರೆಗೆ ಹೊರಡುವುದು. ಕನಕಪುರದ ಹತ್ತಿರ ತಿಂಡಿ. ಒಂಬತ್ತೂವರೆಗೆ ಭರಚುಕ್ಕಿ, ಬಿಸಿಲು ಏರುವ ಮೊದಲು ನೋಡಿ ಮುಗಿಸಬೇಕು. ಆಮೇಲೆ ಗಗನಚುಕ್ಕಿ ಕಡೆಯ ಮರ್ದಾನೆ ಗೈಬ್ ದರ್ಗಾದಲ್ಲಿ ಝಿಯಾರತ್, ಲುಹರ್, ಊಟ, ಸ್ವಲ್ಪ ವಿಶ್ರಾಂತಿ. ಆ ಹೊತ್ತಿನಲ್ಲಿ ಡ್ರೈವರ್ ಕಡ್ಡಾಯವಾಗಿ ಮಲಗಬೇಕು. ಅಸರ್ ಮುಗಿಸಿ ನಾಲ್ಕೂವರೆಗೆ ಹೊರಟು, ದಾರಿಯಲ್ಲಿ ಮಗ್ರಿಬ್ ನಿರ್ವಹಿಸಿದರೆ ಇಶಾಕ್ಕೆ ನಮ್ಮ ಮಸೀದಿಯಲ್ಲಿ ಇರಬಹುದು.

ಇನ್ನು ನೀರಿನ ವಿಷಯ. ದರ್ಗಾದ ಹಿಂದಿನ ಬಂಡೆಗಳಿಂದ ಕೆಳಗಿಳಿಯುವುದು ಹುಡುಗರಿಗೆ ಒಂದು ಹುಚ್ಚು. ನೀರು ಕಡಿಮೆ ಇದ್ದಾಗಲೇ ಅಪಾಯ ಹೆಚ್ಚು, ಯಾಕೆಂದರೆ ಧೈರ್ಯ ಬರುತ್ತದೆ. ಪಾಚಿ ಕಾಣುವುದಿಲ್ಲ, ಬಂಡೆಯ ನಡುವಿನ ಗುಂಡಿಯ ಆಳ ಗೊತ್ತಾಗುವುದಿಲ್ಲ. ಮೇಕೆದಾಟು, ಚುಂಚಿ ಕಡೆ ಈಜಲು ಇಳಿದ ಹುಡುಗರ ಸುದ್ದಿಯನ್ನು ಪತ್ರಿಕೆಯಲ್ಲಿ ಎಷ್ಟು ಸಲ ಓದಿದ್ದೇವೆ! ಊರಿನ ಹೊಳೆಯಲ್ಲಿ ಈಜು ಕಲಿತವರು ಕೂಡ ಇಲ್ಲಿ ಇಳಿಯಬಾರದು. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು, ಅವರ ಕೈಯಲ್ಲಿ ಮೊಬೈಲ್ ಇರಬಾರದು.

ಕೊನೆಯದಾಗಿ ಮನೆಯ ಹೆಂಗಸರ ಮಾತು. ಅವತ್ತಿನ ಟೂರಿಗೆ ರಾತ್ರಿ ಎರಡು ಗಂಟೆಗೆ ಎದ್ದು ನೈಚೋರು, ಕೋಳಿ ಸುಕ್ಕ ಮಾಡಿ ಕಟ್ಟಿಕೊಟ್ಟವರು ಉಮ್ಮಂದಿರು. ಗಾಡಿಯಲ್ಲಿ ಜಾಗ ಇಲ್ಲ ಅಂತ ಅವರಲ್ಲಿ ಅರ್ಧ ಜನ ಮನೆಯಲ್ಲೇ ಉಳಿದರು. ಬಂದವರಿಗೆ ದಾರಿಯಲ್ಲಿ ಶೌಚಾಲಯ ಎಲ್ಲಿದೆ ಎಂದು ನಮ್ಮಲ್ಲಿ ಒಬ್ಬರೂ ವಿಚಾರಿಸಿರಲಿಲ್ಲ. ಅವರು ನೀರು ಕುಡಿಯದೆ ದಿನ ಕಳೆದರು ಎಂದು ಮನೆಗೆ ಬಂದ ಮೇಲೆ ತಿಳಿಯಿತು. ಈ ಸಲ ಪ್ಲಾನ್ ಮಾಡುವಾಗ ಅವರನ್ನೂ ಕೂರಿಸಿ ಕೇಳೋಣ. ಮಂಡಿನೋವಿನ ಉಮ್ಮ ಎಷ್ಟು ದೂರ ನಡೆಯಬಲ್ಲರು, ಮೂರು ವರ್ಷದ ಮಗು ಎಷ್ಟು ಹೊತ್ತು ಕೂರಬಲ್ಲದು, ಡ್ರೈವರ್ ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದಾನೆ, ಈ ಮೂರನ್ನು ಮೊದಲು ಬರೆದುಕೊಳ್ಳಿ. ಜಾಗದ ಹೆಸರು ಆಮೇಲೆ.

ನಮ್ಮ ಆ ಹುಡುಗ ಈಗಲೂ ಇಲ್ಲೇ ಅಂಗಡಿಯಲ್ಲಿದ್ದಾನೆ. ಈ ಸಲದ ಟೂರಿಗೆ ಅವನನ್ನೂ ಕರೆದಿದ್ದೇವೆ. ಗಾಡಿ ಓಡಿಸಲಿಕ್ಕಲ್ಲ, ಹಿಂದಿನ ಸೀಟಿನಲ್ಲಿ ಕೂತು ಬರಲಿಕ್ಕೆ.