ಸೆಟ್ ದೊಡ್ಡದೋ, ಹಚ್ಚು ಸಣ್ಣದೋ?

ಇಂಗ್ಲಿಷಿನಲ್ಲಿ ಮೂರೇ ಅಕ್ಷರದ ಒಂದು ಪದವಿದೆ: ಸೆಟ್. 1989ರ ಆಕ್ಸ್‌ಫರ್ಡ್ ನಿಘಂಟು ಅದಕ್ಕೆ ಸುಮಾರು 430 ಅರ್ಥ ಕೊಟ್ಟಿತು. ಮುಂದಿನ ಪರಿಷ್ಕರಣೆಯಲ್ಲಿ 'ರನ್' ಎಂಬ ಕ್ರಿಯಾಪದ 600 ದಾಟಿ ಅದನ್ನೂ ಹಿಂದೆ ಹಾಕಿತು. ಇಂಗ್ಲಿಷಿನವರಿಗೆ ಇದು ಹೆಮ್ಮೆ. ಇರಲಿ! ಆಸ್ತಿ ಇದ್ದವರು ಎಣಿಸುತ್ತಾರೆ. ನಮ್ಮ ಆಸ್ತಿಯನ್ನು ಎಣಿಸುವವರು ಯಾರು?

ಬೈಲಹೊಂಗಲಕ್ಕೆ ಬನ್ನಿ. ಸಂಜೆ ದೀಪ ಹಚ್ಚುತ್ತಾರೆ. ಇದು ಬೆಂಗಳೂರಿಗೂ ಗೊತ್ತು. ಆದರೆ ಅಲ್ಲಿ ಟಿವಿಯನ್ನೂ ಹಚ್ಚುತ್ತಾರೆ, ಫೋನನ್ನೂ ಹಚ್ಚುತ್ತಾರೆ. ಕಿತ್ತೂರಿನ ರೈತ ಗಿಡ ಹಚ್ಚುತ್ತಾನೆ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಭಕ್ತರು ಹಣೆಗೆ ಭಂಡಾರ ಹಚ್ಚುತ್ತಾರೆ. ರಾಮದುರ್ಗದ ತಾಯಿ ಮಗನನ್ನು 'ಸಾಲೀಗೆ ಹಚ್ಚತೇನಿ' ಎನ್ನುತ್ತಾಳೆ. ಎಣ್ಣೆ, ಖಾರ, ಮಸಾಲೆಪುಡಿ ಕಲಸಿದರೆ ಹಚ್ಚಿದ ಅವಲಕ್ಕಿ (ಬಾಯಲ್ಲಿ ನೀರು ಬಂದರೆ ಸಂಪಾದಕರು ಹೊಣೆಯಲ್ಲ). ಮೊಮ್ಮಗ ಅಜ್ಜಿಯನ್ನು ಬಿಟ್ಟಿರದಿದ್ದರೆ 'ಅಜ್ಜೀನ ಭಾಳ ಹಚ್ಚಿಕೊಂಡಾನ'. ಬೆಂಕಿ ತಾನಾಗಿ ಹತ್ತುತ್ತದೆ, ನಾವು ಹಚ್ಚುತ್ತೇವೆ. ಒಂದನ್ನು ಇನ್ನೊಂದಕ್ಕೆ ತಗುಲಿಸುವುದೇ ಈ ಪದದ ಬೇರು. ಸಸಿಯನ್ನು ಮಣ್ಣಿಗೆ, ಮಗುವನ್ನು ಶಾಲೆಗೆ, ಜೀವವನ್ನು ಜೀವಕ್ಕೆ!

ಈಗ ನಗರದ ನಮ್ಮ ಹುಡುಗರ ಮಾತು ಕೇಳಿ. ಟಿವಿ ಆನ್ ಮಾಡು, ಕಾಲ್ ಮಾಡು, ಕ್ರೀಮ್ ಅಪ್ಲೈ ಮಾಡು, ಗಿಡ ಪ್ಲಾಂಟ್ ಮಾಡು, ಟೈಮ್ ಸೆಟ್ ಮಾಡು. ಕನ್ನಡಕ್ಕೆ ಉಳಿದದ್ದು 'ಮಾಡು' ಒಂದೇ! ವಸ್ತುವಿನ ಹೆಸರು ಹೊರಗಿನಿಂದ ಬಂದರೆ ನಮಗೆ ಜಗಳವಿಲ್ಲ. ಪಂಪ್‌ಸೆಟ್ಟು, ಸೆಟ್ ದೋಸೆ ಎಂದೋ ನಮ್ಮವಾಗಿವೆ. 'ಫೋನ್ ಹಚ್ಚು' ಎಂದವನು ಇಂಗ್ಲಿಷ್ ಪದವನ್ನು ಕನ್ನಡದ ನೊಗಕ್ಕೆ ಹೂಡಿದ್ದಾನೆ. 'ಕಾಲ್ ಮಾಡು' ಎಂದವನ ಬಾಯಲ್ಲಿ ನೊಗವೇ ಬದಲಾಗಿದೆ. ಕ್ರಿಯಾಪದಗಳು ಒಂದೊಂದಾಗಿ ಹೋದರೆ ಕನ್ನಡ ಬರೀ ವಿಭಕ್ತಿ ಪ್ರತ್ಯಯವಾಗಿ ಉಳಿದೀತು.

ಈ ಪಾಪವನ್ನು ಇಂಗ್ಲಿಷಿನ ತಲೆಗೇ ಕಟ್ಟುವಂತಿಲ್ಲ. ಇದನ್ನು ಬರೆಯುತ್ತಿರುವವನು ಹುಡುಗನಾಗಿದ್ದಾಗ ಪ್ರಬಂಧದಲ್ಲಿ 'ಗಿಡ ಹಚ್ಚಿದೆವು' ಎಂದು ಬರೆದಿದ್ದ. ಮಾಸ್ತರರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ 'ನೆಟ್ಟೆವು' ಎಂದು ತಿದ್ದಿದರು. ನೆಡು ಒಳ್ಳೆಯ ಪದವೇ. ಹಚ್ಚು ಮಾಡಿದ ತಪ್ಪೇನು? ಹಾಸ್ಟೆಲಿನಲ್ಲಿ 'ಫೋನ್ ಹಚ್ಚತೇನಿ' ಎಂದವನನ್ನು ಅಣಕಿಸುವವರು ಯಾರು? ಪರಭಾಷಿಕರಲ್ಲ, ಬಾವುಟ ಹಿಡಿದು ನಮ್ಮೊಂದಿಗೆ ನಡೆಯುವ ಕನ್ನಡದ ಹುಡುಗರೇ! 1824ರಲ್ಲಿ ಕಂಪನಿ ಸರಕಾರಕ್ಕೆ ಎದುರು ನಿಂತ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಅವಳಿಗೆ ಜಯಕಾರ ಹಾಕುತ್ತೇವೆ. ಅವಳ ನೆಲದ ಮಾತು ಕಿವಿಗೆ ಬಿದ್ದರೆ ನಗುತ್ತೇವೆ.

ಅಕ್ಟೋಬರಿನ ಕಿತ್ತೂರು ಉತ್ಸವಕ್ಕೆ ಊರಿಗೆ ಹೋಗುವವರು ಒಂದು ನೋಟ್‌ಬುಕ್ ಒಯ್ಯಿರಿ. ಅವ್ವ, ಅಜ್ಜಿ, ಹೊಲದ ಆಳು, ಅಂಗಡಿಯವರು ಯಾವುದನ್ನೆಲ್ಲ 'ಹಚ್ಚುತ್ತಾರೆ' ಎಂದು ಬರೆದು ನಮಗೆ ಕಳಿಸಿ. ಸವದತ್ತಿಯವರಿಗೆ ಗೊತ್ತಿರುವ ಅರ್ಥ ರಾಮದುರ್ಗದವರಿಗೆ ಹೊಸದಿರಬಹುದು. ಬಂದದ್ದನ್ನೆಲ್ಲ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.