ನಿಧಾನಕ್ಕೆ ಪ್ರೊಸೆಸರ್ ಒಂದೇ ಹೊಣೆಯೇ?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11, ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಬಹುತೇಕ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ಹಾಗೆಂದು ಸರ್ಕಾರಿ ಕಚೇರಿಗಳ ಹಳೆಯ ಗಣಕಯಂತ್ರಗಳನ್ನೆಲ್ಲ ಗುಜರಿಗೆ ಹಾಕಬೇಕೆಂಬ ವಾದವನ್ನು ನಾನು ಒಪ್ಪಲಾರೆ.

ಹೊಸದು ವೇಗವಾಗಿದೆ, ನಿಜ. ಏಳನೇ ತಲೆಮಾರಿನ ಡೆಸ್ಕ್‌ಟಾಪ್ ಐ5ರಲ್ಲಿ ನಾಲ್ಕು ಕೋರ್‌ಗಳಿದ್ದರೆ ಎಂಟನೆಯದರಲ್ಲಿ ಆರು. ಗಿಗಾಹರ್ಟ್ಸ್ ಅಂಕಿಯನ್ನಷ್ಟೇ ನೋಡಿ ಅಳೆಯುವಂತೆಯೂ ಇಲ್ಲ. 2006ರ ಕೋರ್ 2 ಡ್ಯುಯೊ ತನಗಿಂತ ಹೆಚ್ಚು ಗಿಗಾಹರ್ಟ್ಸ್‌ನ ಪೆಂಟಿಯಮ್ 4 ಅನ್ನು ಹಿಂದಿಕ್ಕಿತ್ತು. ಆದರೆ ಆ ವೇಗ ಯಾವ ಕೆಲಸಕ್ಕೆ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ನಾಡಕಚೇರಿಗಳಿಗೆ ಜನ ಬರುವುದು ಪಹಣಿಗೆ, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ. 2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆ ಬಂದಾಗಿನ ಯಂತ್ರಗಳು ಇಂದಿನವುಗಳ ಮುಂದೆ ಆಟಿಕೆಗಳು. ಆದರೂ ಪಹಣಿ ಮುದ್ರಿಸಿ ಕೊಡುತ್ತಿದ್ದವು. ಆಗ ದತ್ತಾಂಶ ತಾಲ್ಲೂಕಿನಲ್ಲೇ ಇತ್ತು. ಈಗ ಅದು ದೂರದ ಸರ್ವರ್‌ನಲ್ಲಿದೆ. ಅಲ್ಲಿಂದ ಉತ್ತರ ಬಾರದಿದ್ದರೆ ಮೇಜಿನ ಮೇಲೆ ಯಾವ ಪ್ರೊಸೆಸರ್ ಇದ್ದರೇನು? 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಒಂದು ಮಾತಿಗೆ ಒಂದು ದಿನದ ಕೂಲಿ ಹೋಗುತ್ತದೆ. ಈ ವೆಚ್ಚ ಯಾವ ಟೆಂಡರ್ ಕಡತದಲ್ಲೂ ಕಾಣದು.

ಯಂತ್ರವೇ ನಿಧಾನವಾಗಿರುವ ಕಡೆ ದೋಷ ಹೆಚ್ಚಾಗಿ ಹಳೆಯ ಹಾರ್ಡ್ ಡಿಸ್ಕಿನದು, ಸಾಲದ ಮೆಮೊರಿಯದು. ಅಲ್ಲಿ ಎಸ್‌ಎಸ್‌ಡಿ ಅಳವಡಿಸಿ, ಭದ್ರತಾ ಪರಿಷ್ಕರಣೆ ದೊರೆಯುವ ಲಿನಕ್ಸ್ ಹಾಕಬಹುದು. ಬಯೋಮೆಟ್ರಿಕ್ ಸಾಧನ, ಪ್ರಿಂಟರ್, ಕನ್ನಡ ತಂತ್ರಾಂಶ ಅದರಲ್ಲಿ ನಡೆಯುವುದೇ ಎಂದು ಮೊದಲು ಒಂದು ಕಚೇರಿಯಲ್ಲಿ ಪರೀಕ್ಷಿಸಲಿ. ನಡೆಯದ ಕಡೆ ಹೊಸ ಯಂತ್ರ ಬರಲಿ, ನನ್ನ ಆಕ್ಷೇಪವಿಲ್ಲ. ಉಳಿಯುವ ಹಣವನ್ನು ನಾಡಕಚೇರಿಗಳ ಎರಡನೇ ಇಂಟರ್ನೆಟ್ ಸಂಪರ್ಕಕ್ಕೂ ಯುಪಿಎಸ್ ಬ್ಯಾಟರಿಗೂ ಕೊಡಲಿ.